ಪಾಠ ಬಿಟ್ಟಿದ್ದೇನೆ, ಕೆಲಸ ಬಿಟ್ಟಿಲ್ಲ

ಶೆಫೀಲ್ಡ್, ಇಂಗ್ಲೆಂಡ್, ಆಗಸ್ಟ್ 1

ಪ್ರಿಯ ರಘು,

ನಿನಗೆ, ಲಲಿತಳಿಗೆ, ಮಕ್ಕಳಿಗೆ ಆಶೀರ್ವಾದ. ಅಮ್ಮನಿಗೆ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಸೋಮವಾರ ಕೈಗೆ ಬಂತು. ಫೋನ್ ಮಾಡಿದಾಗಲೆಲ್ಲ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಅವಳ ವಿಷಯ ಅವಳೆದುರು ಮಾತಾಡೋಕೆ ಆಗಲ್ಲ ಅಂತ ಬರೆದಿದ್ದೀಯ. ಸರಿ. ಈ ಮೊದಲ ಹಾಳೆ ನಿನಗೆ ಮಾತ್ರ. ಉಳಿದದ್ದನ್ನು ಅವಳಿಗೆ ಜೋರಾಗಿ ಓದಿ ಹೇಳು.

ಮೈಸೂರಿನ ಡಾಕ್ಟರು ಎಕ್ಸ್‌ರೇ ನೋಡಿ ಮಂಡಿ ಬದಲಾಯಿಸಲೇಬೇಕು ಅಂದ ಮೇಲೆ ಇನ್ನೇನು ಯೋಚನೆ ಮಾಡ್ತಾ ಕೂತಿದ್ದೀರಿ? ಪುತ್ತರಿ ಹಬ್ಬ ಕಳೆಯಲಿ, ಆಮೇಲೆ ಕಾಫಿ ಕೊಯ್ಲು ಮುಗಿಯಲಿ ಅಂತ ಮುಂದಕ್ಕೆ ಹಾಕಿದರೆ ಅದು ಯುಗಾದಿಗೂ ಆಗುವುದಿಲ್ಲ. ಅಮ್ಮ ಅಂಗಡಿಯ ಮೆಟ್ಟಿಲನ್ನು ಅಡ್ಡ ತಿರುಗಿ ಇಳಿಯುತ್ತಾಳೆ ಅಂತ ಲಲಿತ ಹೋದ ವರ್ಷವೇ ಹೇಳಿದ್ದಳು. ಈಗ ರಾತ್ರಿ ಮಗ್ಗುಲು ಬದಲಿಸುವಾಗಲೂ ನೋವು ಅಂತಾಳೆ ಅಂದರೆ ಎಣ್ಣೆ ತಿಕ್ಕಿ, ಬಿಸಿನೀರಿನ ಚೀಲ ಇಟ್ಟು ಸುಮ್ನೆ ದಿನ ದೂಡುವ ಹಂತ ದಾಟಿದೆ. ಎರಡು ಮಂಡಿಗೂ ಮಾಡಬೇಕೋ, ಈಗ ಒಂದೇ ಸಾಕೋ, ಡಾಕ್ಟರೇ ಹೇಳಲಿ. ಸಕ್ಕರೆ, ಬಿಪಿ ಎರಡನ್ನೂ ಈಗಿನಿಂದಲೇ ಹಿಡಿತಕ್ಕೆ ತರಬೇಕು. ಹಲ್ಲಿನಲ್ಲಿ ಹುಳುಕು, ಕೀವು ಇದ್ದರೆ ಅದನ್ನೂ ಮೊದಲೇ ತೋರಿಸು. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಹೋಗಬಹುದು.

"ಅವಳೇ ಕೆಲಸ ಬಿಟ್ಟು ಕೂತಿದ್ದಾಳೆ, ಅವಳ ಹತ್ತಿರ ದುಡ್ಡು ಕೇಳಬೇಡ" ಅಂತ ಅಮ್ಮ ನಿನಗೆ ಹೇಳಿದ್ದನ್ನು ಓದಿ ಅವತ್ತು ನನಗೆ ಊಟ ಸೇರಲಿಲ್ಲ. ನೋವು ತಿನ್ನುತ್ತಿರುವವಳು ಅವಳು, ಅವಳ ಯೋಚನೆ ಮಾತ್ರ ನನ್ನ ಬಗ್ಗೆ. ರಘು, ಸರಿಯಾಗಿ ಕೇಳಿಸಿಕೋ. ದುಡ್ಡು ಇದೆ. ಇಲ್ಲಿ ಮೇಷ್ಟರ ಪಿಂಚಣಿ ಅಂತ ಬೇರೆಯೇ ಇದೆ. ನನ್ನ ಕಾಲದಲ್ಲಿ ಸೇರಿದವರಿಗೆ ನಿವೃತ್ತಿ ಆದಾಗ ಒಟ್ಟಿಗೆ ಒಂದು ಮೊತ್ತ ಕೊಡುತ್ತಾರೆ, ಆಮೇಲೆ ತಿಂಗಳು ತಿಂಗಳು ಬರುತ್ತದೆ. ಇಲ್ಲಿನ ಸರ್ಕಾರ ಎಲ್ಲರಿಗೂ ಕೊಡುವ ಪಿಂಚಣಿ ಬೇರೆ, ಅದು ನನ್ನ ವಯಸ್ಸಿನವರಿಗೆ 67 ತುಂಬಿದ ಮೇಲೆ. ಇವರ ಕೆಲಸ ಇನ್ನೂ ಇದೆ. ಮನೆ ಸಾಲ ತೀರಿದೆ. ಅಮ್ಮನ ಕಾಲಿಗೆ ಬೇಕಾದಷ್ಟನ್ನು ತೆಗೆದು ಬೇರೆ ಖಾತೆಯಲ್ಲಿ ಇಟ್ಟಾಗಿದೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ತಿಂಗಳ ದುಡ್ಡು ಎಂದಿನಂತೆ ಬರುತ್ತದೆ, ಒಂದು ತಿಂಗಳೂ ತಪ್ಪುವುದಿಲ್ಲ. ಅಂಗಡಿ ಮೇಲೆ ಸಾಲ ತೆಗೆಯುವ ಮಾತು ಇನ್ನೊಮ್ಮೆ ಎತ್ತಬೇಡ. ಲಲಿತಳ ಬಳೆ ಅಂತೂ ಮುಟ್ಟಲೇಬೇಡ.

ಇಲ್ಲಿಂದ ಮುಂದೆ ಅಮ್ಮನಿಗೆ ಓದು.

ಅಮ್ಮಾ, ನಾನು ಕೆಲಸ ಬಿಟ್ಟಿಲ್ಲ. ಪಾಠ ಮಾಡುವುದನ್ನು ಬಿಟ್ಟಿದ್ದೇನೆ. ಕೆಲಸವನ್ನು ಈಗ ಶುರು ಮಾಡಿದ್ದೇನೆ.

ಕಾಲೇಜಿನಲ್ಲಿ ಬೆಳ್ಳಿ ಕೆಲಸ ಕಲಿಸುವುದು ನನಗೆ ತುಂಬ ಇಷ್ಟವಾಗಿತ್ತು. ಅದರಿಂದಲೇ ಈ ಮನೆ ಆಯಿತು, ನಿಮಗೂ ಒಂದಿಷ್ಟು ಕಳಿಸೋಕೆ ಆಯಿತು. ಸುತ್ತಿಗೆ ಹಿಡಿಯೋಕೆ ಬಾರದ ಹುಡುಗಿಯೊಬ್ಬಳು ವರ್ಷದ ಕೊನೆಗೆ ತನ್ನ ಕೈಯಿಂದ ಬಟ್ಟಲು ಎತ್ತಿ ತೋರಿಸುವಾಗ ಆಗುವ ಸಂತೋಷ ಸಣ್ಣದಲ್ಲ. ಆದರೆ ಕಲಿಸುವವರ ಕೈ ಯಾವುದನ್ನೂ ಪೂರ್ತಿ ಮಾಡುವುದಿಲ್ಲ. ತಗಡು ಕತ್ತರಿಸಿ, ಒಂದು ಸುತ್ತು ಬಡಿದು, "ಹೀಗೆ ಮಾಡಿ" ಅಂತ ತೋರಿಸುತ್ತೇವೆ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬೆಸುಗೆ ಕಿತ್ತುಕೊಂಡು ಬಂದು ನಿಂತಿರುತ್ತಾನೆ. ನನ್ನದು ಅಲ್ಲಿಗೇ ನಿಲ್ಲುತ್ತದೆ. ಕಾಲೇಜಿನ ಡ್ರಾಯರ್ ಖಾಲಿ ಮಾಡುವಾಗ ಅಂಥವೇ ಸಿಕ್ಕವು. ಅರ್ಧ ಎದ್ದ ಲೋಟ, ಒಂದೇ ಕಡೆ ಹೂ ಕೆತ್ತಿದ ತಟ್ಟೆ, ಹಿಡಿ ಇಲ್ಲದ ಚಮಚ. ಎಲ್ಲವೂ ತಾಮ್ರದವು. ಅಷ್ಟನ್ನೂ ಮನೆಗೆ ತಂದಿದ್ದೇನೆ. ಬರಬರುತ್ತ ಕಾಲೇಜಿನಲ್ಲಿ ಬೆಂಚಿನ ಹೊತ್ತು ಕಡಿಮೆಯಾಯಿತು, ಕಂಪ್ಯೂಟರಿನಲ್ಲಿ ತುಂಬುವ ಫಾರಂ ಜಾಸ್ತಿಯಾಯಿತು. ಅರವತ್ತಾಯಿತು. ಕಣ್ಣು, ಕೈ ಎರಡೂ ಚೆನ್ನಾಗಿರುವಾಗಲೇ ಬೆಂಚಿಗೆ ವಾಪಸ್ ಹೋಗಬೇಕು ಅನ್ನಿಸಿತು. ಎಪ್ಪತ್ತಕ್ಕೆ ಶುರು ಮಾಡೋಕೆ ಆಗುತ್ತಾ?

ಈಗ ದಿನಾ ಬೆಳಿಗ್ಗೆ ಹಳೇ ಚಾಕು ಕಾರ್ಖಾನೆಯೊಂದಕ್ಕೆ ಹೋಗುತ್ತೇನೆ. ಕೆಂಪು ಇಟ್ಟಿಗೆಯ ಕಟ್ಟಡ, ನಡುವೆ ಅಂಗಳ, ಸುತ್ತ ಸಣ್ಣ ಸಣ್ಣ ಕೋಣೆ. ಹಿಂದೆ ಈ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ಕೆಲಸ ಮಾಡುತ್ತಿದ್ದರಂತೆ. ಒಬ್ಬ ಅಲಗು ಬಡಿಯುವವನು, ಒಬ್ಬ ಸಾಣೆ ಹಿಡಿಯುವವನು, ಒಬ್ಬ ಹಿಡಿ ಹಾಕುವವನು. ಅವರನ್ನು ಲಿಟ್ಲ್ ಮೆಸ್ಟರ್ ಅಂತ ಕರೆಯುತ್ತಾರೆ. ಈಗಲೂ ಕೆಲವರು ಇದ್ದಾರೆ. ಎದುರು ಕೋಣೆಯವರು ಸಾಣೆ ಹಿಡಿಯುವವರು, ನನಗಿಂತ ದೊಡ್ಡವರು. ಮೊದಲ ದಿನವೇ ನನ್ನ ಹೆಸರು ಕೇಳುವ ಮೊದಲು ನನ್ನ ಸುತ್ತಿಗೆ ಎತ್ತಿ ಮುಖ ನೋಡಿದರು. ಸುತ್ತಿಗೆಯ ಮುಖ ಕನ್ನಡಿಯಷ್ಟು ನಯ ಇಲ್ಲದಿದ್ದರೆ ಅದರ ಗೀರೆಲ್ಲ ಬೆಳ್ಳಿಯ ಮೇಲೆ ಬೀಳುತ್ತದಲ್ಲ, ಅದಕ್ಕೆ. ನೋಡಿ ತಲೆಯಾಡಿಸಿ ಚಹಾ ಮಾಡಿಕೊಟ್ಟರು.

ಈ ಊರಿನವರಿಗೆ ತಮ್ಮ ಉಕ್ಕಿನ ಮೇಲೆ ಬಹಳ ಅಭಿಮಾನ. ಚಾಕು ಕತ್ತರಿ ಮಾಡುವವರ ಸಂಘ 1624ರಿಂದ ನಡೆದು ಬಂದಿದೆ. ತುಕ್ಕು ಹಿಡಿಯದ ಸ್ಟೀಲನ್ನು 1913ರಲ್ಲಿ ಹ್ಯಾರಿ ಬ್ರೇರ್ಲಿ ಅನ್ನುವವರು ಇದೇ ಊರಿನಲ್ಲಿ ಎರಕ ಹೊಯ್ದರು. ಒಪ್ಪುತ್ತೇನೆ. ಆದರೆ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಬೆಂಜಮಿನ್ ಹಂಟ್ಸ್‌ಮನ್ ಇಲ್ಲಿ 1740ರ ಸುಮಾರಿಗೆ ಶುರು ಮಾಡಿದ್ದು. ಅದಕ್ಕಿಂತ ಎಷ್ಟೋ ನೂರು ವರ್ಷ ಮೊದಲೇ ನಮ್ಮ ದಕ್ಷಿಣದವರು ಮೂಸೆಯಲ್ಲಿ ಉಕ್ಕು ಮಾಡಿ ಹಡಗಿನಲ್ಲಿ ಕಳಿಸುತ್ತಿದ್ದರು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದೇ ನಮ್ಮ ಉಕ್ಕಿನ ಬಗ್ಗೆ ಪ್ರಬಂಧ ಓದಿದರು, ಆಮೇಲೆ ಮೈಕೆಲ್ ಫ್ಯಾರಡೆ ಕೂಡ ಅದನ್ನು ಪರೀಕ್ಷೆ ಮಾಡಿ ನೋಡಿದರು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಎದುರು ಕೋಣೆಯವರಿಗೆ ಎರಡು ಸಲ ಹೇಳಿಯಾಗಿದೆ.

ಇಲ್ಲಿಯೂ ಬೆಟ್ಟ ಇಳಿಜಾರು ಎಲ್ಲ ಇದೆ, ಬಸ್ಸು ಮಡಿಕೇರಿಯಲ್ಲಿ ಏದುಸಿರು ಬಿಟ್ಟು ಹತ್ತಿದಂತೆಯೇ ಹತ್ತುತ್ತದೆ. ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಶಾಲೆ ಮಕ್ಕಳೂ ಹೇಳುತ್ತಾರೆ. ಮಳೆ ಮಾತ್ರ ಇಲ್ಲ. ನಿಮಗೆ ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದೆ ಒಲೆ ಮೇಲೆ ಹರಡುವ ಹೊತ್ತು. ನಮಗೆ ಪೈಪ್ ಹಿಡಿದು ಗಿಡಕ್ಕೆ ನೀರು ಹಾಕಬಾರದು ಅಂತ ಆದೇಶ ಬಂದಿದೆ, ಅಣೆಕಟ್ಟಿನಲ್ಲಿ ನೀರು ಕಡಿಮೆಯಂತೆ. ನಾಡಿದ್ದು ಮದ್ದು ಸೊಪ್ಪಿನ ಪಾಯಸ ಮಾಡ್ತೀರಿ. ನನ್ನ ಪಾಲನ್ನು ಪುಟ್ಟಿಗೆ ಕೊಡು.

ಈ ವಯಸ್ಸಿನಲ್ಲಿ ಬೆಂಕಿ, ಸುತ್ತಿಗೆ ಅಂದರೆ ಕೈ ಏನಾಗಬೇಕು, ಹೊಗೆ ಕುಡಿದು ಎದೆ ಏನಾಗಬೇಕು ಅಂತ ಕೇಳಿದ್ದೀಯಂತೆ. ಹೇಳುತ್ತೇನೆ ಕೇಳು. ಬೆಳ್ಳಿ ಕೆಲಸದಲ್ಲಿ ಜೋರಾಗಿ ಬಡಿಯುವುದೇ ಇಲ್ಲ. ನೀನು ಅಕ್ಕಿರೊಟ್ಟಿ ತಟ್ಟುವಾಗ ಒಂದು ಕೈ ತಿರುಗಿಸುತ್ತಾ ಇನ್ನೊಂದು ಕೈ ತಟ್ಟುತ್ತದಲ್ಲ, ನನ್ನದೂ ಹಾಗೆಯೇ. ಎಡಗೈ ತಗಡನ್ನು ಒಂದೊಂದು ನೂಲಿನಷ್ಟು ತಿರುಗಿಸುತ್ತದೆ, ಸುತ್ತಿಗೆ ಒಂದೇ ಜಾಗಕ್ಕೆ ಬೀಳುತ್ತದೆ. ಅಂಚಿನ ತನಕ ಒಂದು ಸುತ್ತು ಬಡಿದರೆ ಬೆಳ್ಳಿ ಗಟ್ಟಿಯಾಗುತ್ತದೆ, ಅಲ್ಲಿಗೆ ನಿಲ್ಲಿಸದಿದ್ದರೆ ಸೀಳುತ್ತದೆ. ಆಗ ಕಾಸಬೇಕು. ಸುಮಾರು 650 ಡಿಗ್ರಿಗೆ ಮಂದ ಕೆಂಪು ಬರುತ್ತದೆ, ಅಷ್ಟಾದರೆ ಸಾಕು. 900ರ ಹತ್ತಿರ ಹೋದರೆ ಕರಗಿಯೇ ಹೋಗುತ್ತದೆ. ಆ ಕೆಂಪು ಬೆಳಕಿನಲ್ಲಿ ಕಾಣುವುದಿಲ್ಲ. ಅಪ್ಪ ಕುಲುಮೆಯ ಹತ್ತಿರದ ಕಿಟಕಿಗೆ ಗೋಣಿಚೀಲ ಇಳಿಬಿಡುತ್ತಿದ್ದರು, ನಾನು ಕಪ್ಪು ಪರದೆ ಎಳೆಯುತ್ತೇನೆ. ಅವರು ಹುಣಸೆ ನೀರಿನಲ್ಲಿ ಬೆಳ್ಳಗೆ ಮಾಡುತ್ತಿದ್ದರು, ಇಲ್ಲಿ ನೀರು ಬೆರೆಸಿದ ಆಸಿಡ್. ಕೆತ್ತುವಾಗ ತಗಡಿನ ಕೆಳಗೆ ಇಡುವುದಕ್ಕೆ ಅವರದು ರಾಳ, ಇಟ್ಟಿಗೆ ಪುಡಿ, ಎಣ್ಣೆ. ಇಲ್ಲಿನವರದು ಡಾಂಬರಿನಂಥ ಪಿಚ್, ಪ್ಲಾಸ್ಟರ್ ಪುಡಿ, ಕೊಬ್ಬು. ಕೆಲಸ ಅದೇ.

ಬೆಸುಗೆ ಹಾಕುವಾಗ ತಲೆ ಮೇಲೆ ಹೊಗೆ ಎಳೆಯುವ ಫ್ಯಾನ್ ಇದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇದೆ. ಇಂಗ್ಲೆಂಡಿನಲ್ಲಿ ಅರವತ್ತು ತುಂಬಿದವರಿಗೆ ಕಣ್ಣಿನ ಪರೀಕ್ಷೆ ಪುಕ್ಕಟೆ, ಔಷಧಿಯೂ ಪುಕ್ಕಟೆ. ಹೋದ ತಿಂಗಳು ಎಲ್ಲ ತೋರಿಸಿ ಬಂದೆ, ಏನೂ ಇಲ್ಲ ಅಂದರು. ನನ್ನ ಬಗ್ಗೆ ಒಂದು ಚೂರೂ ಯೋಚನೆ ಬೇಡ.

ಯೋಚನೆ ಇರುವುದು ರಘುವಿನ ಬಗ್ಗೆ. ರಘು, ನೀನು ಇನ್ನೂ ಕೆಡಿಎಂ ಬೆಸುಗೆ ಹಾಕುತ್ತಿದ್ದರೆ ಇವತ್ತೇ ಬಿಡು. ಅದರಲ್ಲಿರುವುದು ಕ್ಯಾಡ್ಮಿಯಂ. ಕಡಿಮೆ ಬಿಸಿಗೆ ಕರಗುತ್ತದೆ, ಕೆಲಸ ಸಲೀಸು, ನಿಜ. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ, ಕಿಡ್ನಿಗೆ ವಿಷ. ಯುರೋಪಿನಲ್ಲಿ 2011ರಲ್ಲೇ ನಿಲ್ಲಿಸಿದರು. ಬೆಳ್ಳಿ, ತಾಮ್ರ, ಸತುವಿನ ಬೆಸುಗೆ ಸಾಕು, ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ಗಿರಾಕಿ ಅವಸರ ಮಾಡಿದರೆ ನಾಳೆ ಬಾ ಅನ್ನು. ಹಿಂದಿನ ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸು, ಅದರ ದುಡ್ಡನ್ನೂ ಸೇರಿಸಿ ಕಳಿಸುತ್ತೇನೆ.

ಅಮ್ಮಾ, ನಿನಗೆ ಹೇಳಲೇಬೇಕಾದ ಇನ್ನೊಂದು ವಿಷಯ. ಈ ಊರಿನಲ್ಲಿ ಹಿಂದೆ ಚಾಕು ಚಮಚಕ್ಕೆ ಹೊಳಪು ಕೊಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಬಫರ್ ಗರ್ಲ್ಸ್ ಅಂತ ಕರೆಯುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿ, ಮೈಗೆ ಕಂದು ಕಾಗದ ಸುತ್ತಿಕೊಂಡು ಇಡೀ ದಿನ ತಿರುಗುವ ಚಕ್ರದ ಮುಂದೆ ನಿಲ್ಲುತ್ತಿದ್ದರಂತೆ. ಸಾಮಾನಿನ ಮೇಲೆ ಹೆಸರು ಬೀಳುತ್ತಿದ್ದದ್ದು ಮಾತ್ರ ಯಜಮಾನನದು. ಅವರ ಹಳೇ ಫೋಟೋ ನೋಡಿದಾಗ ನಾವಿಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತು ಅಂಟುವಾಳದ ನೊರೆಯಲ್ಲಿ ಕಾಲುಂಗುರ, ಕುಂಕುಮದ ಭರಣಿ ಉಜ್ಜುತ್ತಿದ್ದದ್ದು ನೆನಪಾಯಿತು. ಅಪ್ಪ ನನ್ನನ್ನು ಅಡಿಗಲ್ಲಿನ ಹತ್ತಿರ ಕೂರಿಸಲಿಲ್ಲ, ಓಡಿಸಲೂ ಇಲ್ಲ. ನಿಂತು ನೋಡುತ್ತಿದ್ದೆ. ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಹಾಗೆ ನಿಂತು ನೋಡಿದ್ದೇ.

ಈಗ ನನ್ನದೇ ಮುದ್ರೆ ಇದೆ. ಇಲ್ಲಿ 7.78 ಗ್ರಾಂಗಿಂತ ಜಾಸ್ತಿ ತೂಕದ ಬೆಳ್ಳಿ ಸಾಮಾನನ್ನು ಬೆಳ್ಳಿ ಅಂತ ಹೇಳಿ ಮಾರಬೇಕಾದರೆ ಮುದ್ರೆ ಇರಲೇಬೇಕು. ಶೆಫೀಲ್ಡಿನ ಪರೀಕ್ಷಾ ಕಚೇರಿ 1773ರಲ್ಲಿ ಶುರುವಾದದ್ದು. ಸಾವಿರಕ್ಕೆ 925 ಪಾಲು ಬೆಳ್ಳಿ ಇದೆಯಾ ಅಂತ ನೋಡಿ ಅವರ ಗುರುತು ಒತ್ತುತ್ತಾರೆ. ಹಿಂದೆ ಕಿರೀಟ ಇತ್ತು, 1975ರಿಂದ ಗುಲಾಬಿ ಹೂ. ಅದರ ಪಕ್ಕ ಮಾಡಿದವರ ಗುರುತು, ಹೆಸರಿನ ಮೊದಲ ಅಕ್ಷರಗಳು. ನಾನು ಬರೆಸಿರುವುದು ಅಪ್ಪನ ಹೆಸರಿನ ಅಕ್ಷರ, ಪಕ್ಕದಲ್ಲಿ ನನ್ನದು. ಇನ್ನು ಮುಂದೆ ನಾನು ಮಾಡುವ ಎಲ್ಲದರ ತಳದಲ್ಲೂ ಅದು ಇರುತ್ತದೆ. ಮೊದಲನೆಯದು ಒಂದು ಸಣ್ಣ ಬಟ್ಟಲು, ಮುಗಿದಿದೆ. ಪೂರ್ತಿ ಮುಗಿದಿದೆ ಅಮ್ಮಾ, ಅಂಚು ಮಡಿಚಿ, ಸುತ್ತಿಗೆಯ ಗುರುತು ಅಳಿಸಿ, ಹೊಳಪು ಕೊಟ್ಟು. ಅದು ನಿನಗೆ.

ರಘು, ಇನ್ನು ನಿನ್ನ ಪೀಚೆಕತ್ತಿಯ ವಿಷಯ, ಕೊಡವರು ಸೊಂಟಕ್ಕೆ ಸಿಕ್ಕಿಸುವ ಆ ಸಣ್ಣ ಕತ್ತಿಯದು. ಅಮ್ಮತ್ತಿ ಊರಿನ ಗಿರಾಕಿಯೊಬ್ಬರು ಹಳೇ ಮಾದರಿಯಲ್ಲೇ ಬೇಕು ಅಂದರು, ಹೊತ್ತಿಲ್ಲ ಅಂತ ವಾಪಸ್ ಕಳಿಸಿದೆ ಅಂತ ಬರೆದಿದ್ದೀಯ. ಇವತ್ತೇ ಫೋನ್ ಮಾಡಿ ಒಪ್ಪಿಕೋ. ಹೊರಗಿನಿಂದ ಬರುವ ತೆಳು ಪಾಲಿಶಿನ ಕತ್ತಿಯನ್ನು ಮದುವೆಗೆ ಬಾಡಿಗೆ ತರುವ ಕಾಲದಲ್ಲಿ ಒಬ್ಬರು ಹುಡುಕಿಕೊಂಡು ಬಂದು ಕೇಳುತ್ತಾರೆ ಅಂದರೆ ಬಿಡಬಾರದು. ಅಲಗು, ಹಿಡಿ, ಒರೆಯ ಮರ ನೀನು ಮಾಡು. ಮರ ಇಲ್ಲಿಗೆ ಕಳಿಸಬೇಡ. ಬೀಟೆ ಮರವನ್ನು ಗಡಿ ದಾಟಿಸೋಕೆ ಕಾಗದಪತ್ರ ಬೇಕು, ಕತ್ತಿಯನ್ನು ಪಾರ್ಸೆಲ್ ಮಾಡುವುದೂ ತಲೆನೋವು. ಅವರ ಅಜ್ಜನ ಕತ್ತಿಯಲ್ಲಿ ದಂತದ ಹಿಡಿ ಇದ್ದಿರಬಹುದು, ಈಗ ಎರಡೂ ದೇಶದ ಕಾನೂನು ಒಪ್ಪುವುದಿಲ್ಲ, ಬೀಟೆಯೇ ಚೆಂದ ಅಂತ ಮೊದಲೇ ಹೇಳಿಬಿಡು. ಬೆಳ್ಳಿ ಕೆಲಸ ನನ್ನದು. ಒರೆಯ ಪಟ್ಟಿ, ತುದಿಯ ಮುಚ್ಚಳ, ಸರಪಳಿ, ಸರಪಳಿಗೆ ನೇತು ಹಾಕುವ ಚಿಮಟ, ಕಿವಿಕಡ್ಡಿ ಎಲ್ಲವೂ.

ಅದಕ್ಕೆ ನನಗೆ ಬೇಕಾದದ್ದು ಇಷ್ಟು. ಒರೆಯ ಮರ ತಯಾರಾದ ಮೇಲೆ ದಪ್ಪ ಕಾಗದ ಸುತ್ತಿ, ಪೆನ್ಸಿಲಿನಲ್ಲಿ ಅಂಚು ಎಳೆದು ಆ ಕಾಗದವನ್ನೇ ಕಳಿಸು. ಫೋಟೋ ಸಾಲದು, ಫೋಟೋದಲ್ಲಿ ಅಳತೆ ಸುಳ್ಳು ಹೇಳುತ್ತದೆ. ಅಪ್ಪನ ಕಬ್ಬಿಣದ ಅಚ್ಚುಗಳಿವೆಯಲ್ಲ, ಬಳ್ಳಿಯದ್ದು ಮತ್ತು ಸಣ್ಣ ಗುಂಡಿನದ್ದು, ಅವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡು, ಬಂದಾಗ ತೆಗೆದುಕೊಳ್ಳುತ್ತೇನೆ. ಈಗ ಅವುಗಳ ಮೇಲೆ ಮೇಣ ಒತ್ತಿ ಗುರುತು ಕಳಿಸಿದರೆ ಸಾಕು.

ಹೌದು, ಬರುತ್ತೇನೆ. ಇಷ್ಟು ವರ್ಷ ಕಾಲೇಜಿನ ರಜೆ ನೋಡಿಕೊಂಡು ಸುರಿಯುವ ಮಳೆಯಲ್ಲೇ ಬರಬೇಕಾಗಿತ್ತು. ಈಗ ರಜೆ ಕೇಳುವವರು ಯಾರೂ ಇಲ್ಲ. ತುಲಾ ಸಂಕ್ರಮಣ ಕಳೆದ ಕೂಡಲೇ ಆಪರೇಷನ್ ತಾರೀಕು ತೆಗೆದುಕೋ. ಅದಕ್ಕೆ ಒಂದು ವಾರ ಮೊದಲು ನಾನು ಅಲ್ಲಿರುತ್ತೇನೆ, ಪುತ್ತರಿ ಮುಗಿಸಿಯೇ ಹೊರಡುವುದು. ಆಸ್ಪತ್ರೆಯಲ್ಲಿ ರಾತ್ರಿ ಇರುವುದು ನಾನು. ಆಪರೇಷನ್ ಆದ ಮಾರನೇ ದಿನದಿಂದಲೇ ಎಬ್ಬಿಸಿ ನಡೆಸುತ್ತಾರೆ, ವ್ಯಾಯಾಮ ಬಿಟ್ಟರೆ ಮಂಡಿ ಬಗ್ಗುವುದಿಲ್ಲ. ಅಮ್ಮ ಗೊಣಗಿದರೂ ನಾನು ಬಿಡುವುದಿಲ್ಲ. ಅಷ್ಟರೊಳಗೆ ಬಚ್ಚಲಿಗೆ ಎತ್ತರದ ಕಮೋಡ್ ಕೂರಿಸು. ಗೋಡೆಗೆ ಹಿಡಿಕೆ ಹಾಕಿಸು, ಕಬ್ಬಿಣದ ಕೆಲಸ ನಿನಗೇನು ಹೊಸದಲ್ಲ. ಮೆಟ್ಟಿಲ ಪಾಚಿಗೆ ಇವತ್ತೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸು, ಆಪರೇಷನ್ ತನಕ ಅವಳು ಜಾರಿ ಬೀಳಬಾರದು. ಅವಳ ಮಂಚವನ್ನು ಕೆಳಗಿನ ಕೋಣೆಗೆ ತಾ.

ಅಮ್ಮಾ, ದುಡ್ಡಿನ ಯೋಚನೆ ಮಾಡಬೇಡ. ನಿಜವಾಗಿಯೂ ಇದೆ. ನನಗೂ ಇದೆ, ನಿನ್ನ ಕಾಲಿಗೂ ಇದೆ, ವಾಪಸ್ ಬರುವ ಟಿಕೆಟ್ಟಿಗೂ ಇದೆ. ಇವರೂ ನಿನಗೆ ಹಾಗೇ ಹೇಳು ಅಂದರು. ನಾನು ಹೊತ್ತು ಹೊತ್ತಿಗೆ ಊಟ ಮಾಡುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ, ಮೊದಲಿಗಿಂತ ಚೆನ್ನಾಗಿದ್ದೇನೆ.

ರಘು, ಕೈಲ್ ಮುಹೂರ್ತದ ಆಯುಧ ಪೂಜೆಗೆ ಅಂತ ಸಾಣೆಗೆ ಬರುವ ಕತ್ತಿಗಳ ರಾಶಿಯಲ್ಲಿ ಇದನ್ನೆಲ್ಲ ಮರೆತುಬಿಡಬೇಡ. ಮೊದಲು ಡಾಕ್ಟರಿಗೆ ಫೋನ್, ಆಮೇಲೆ ಅಮ್ಮತ್ತಿಗೆ ಫೋನ್. ತಾರೀಕು ಗೊತ್ತಾದ ದಿನವೇ ನನಗೆ ಮೆಸೇಜ್ ಹಾಕು, ಟಿಕೆಟ್ ತೆಗೆಯಬೇಕು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಇಷ್ಟಕ್ಕೇ ನಿಲ್ಲಿಸುತ್ತೇನೆ. ಲಲಿತಳಿಗೆ ಬೇರೆ ಬರೆಯುತ್ತೇನೆ. ಪುಟ್ಟಿಗೆ ಮುತ್ತು.

ನಿನ್ನ ಅಕ್ಕ

ಮರೆತೆ. ಆಸ್ಪತ್ರೆಯವರು ಮುಂಗಡ ಕೇಳಿದರೆ ಖಾತೆ ನಂಬರ್ ಕಳಿಸು, ಅದೇ ದಿನ ಹಾಕುತ್ತೇನೆ.